ನಂಜುಂಡನ ನೆತ್ತಿಯ ಮೇಲಿನ ಕಸದಬುಟ್ಟಿ

ನಂಜನಗೂಡಿನ ತಾಲ್ಲೂಕು ಕಚೇರಿಯ ಎದುರು ಗಂಗಾಧರಸ್ವಾಮಿಯವರ ಟೈಪಿಂಗ್ ಅಂಗಡಿ. ಅರ್ಜಿ, ಕರಾರು, ಲಗ್ನಪತ್ರಿಕೆ, ಏನೇ ಇರಲಿ, ಕನ್ನಡ ಟೈಪ್‌ರೈಟರ್ ಮೇಲೆ ಕಣ್ಣು ಮುಚ್ಚಿಕೊಂಡು ಬಡಿಯುತ್ತಿದ್ದ ಮನುಷ್ಯ. ಎರಡು ಸಾವಿರದ ಎರಡರಲ್ಲಿ ಊರೆಲ್ಲ ಕಂಪ್ಯೂಟರ್ ಜಪ ಮಾಡತೊಡಗಿದಾಗ ತಾವೂ ಒಂದು ಹಳೆಯದನ್ನು ತಂದು ಕೂರಿಸಿದರು. ವಿಭೂತಿ ಹಚ್ಚಿದರು, ಊದುಕಡ್ಡಿ ಬೆಳಗಿದರು, ಪರದೆಗೆ ನಂಜುಂಡೇಶ್ವರನ ಚಿತ್ರ ಹಾಕಿಸಿದರು. ಚಿತ್ರ ಪುಟ್ಟದು; ಹಾಗಾಗಿ ಒಬ್ಬ ನಂಜುಂಡನ ಬದಲು ಪರದೆ ತುಂಬ ಸಾಲುಸಾಲು ನಂಜುಂಡರು ಬಂದು ಕೂತರು. ಅದೂ ಒಳ್ಳೆಯದೇ ಆಯಿತೆಂದು ಕೈ ಮುಗಿದರು.

ಆದರೆ ಆ ಕಸದಬುಟ್ಟಿ! ಅಳಿಸಿದ್ದನ್ನೆಲ್ಲ ತುಂಬಿಕೊಳ್ಳುವ ಬುಟ್ಟಿಯ ಗುರುತು ಒಬ್ಬ ನಂಜುಂಡನ ನೆತ್ತಿಯ ಮೇಲೇ ಕೂತಿತ್ತು. ಎಳೆದು ಪಕ್ಕಕ್ಕಿಟ್ಟರೆ ಇನ್ನೊಬ್ಬನ ನೆತ್ತಿ. ಅಳಿಸೋಣವೆಂದರೆ ಅಳಿಯದು. ಲಿಂಗಪೂಜೆ ಮುಗಿಸಿ ಬಂದವರು ದಿನಾ ಬೆಳಿಗ್ಗೆ ದೇವರ ತಲೆಯ ಮೇಲೆ ಕಸ ನೋಡಬೇಕು. ಚಿತ್ರವನ್ನೇ ತೆಗೆಯಬಹುದಿತ್ತಲ್ಲ ಎನ್ನಬೇಡಿ. ಕೂರಿಸಿದ ದೇವರನ್ನು ಎಬ್ಬಿಸುವುದುಂಟೆ?

ಬಸ್ ಸ್ಟ್ಯಾಂಡಿನ ಬಳಿ ಕಂಪ್ಯೂಟರ್ ಕಲಿಸುವ ಮಾದೇಶ್ ಒಂದು ಸೀಡಿ ಕೊಟ್ಟ. "ಡೆಸ್ಕ್‌ಟಾಪ್ ಬೇಕಾದಂಗೆ ಮಾಡ್ಕೊಳೋ ಯುಟಿಲಿಟಿ ಸಾ. ಬ್ಯಾಡದ್ದರ ಮುಂದ್ಲ ಟಿಕ್ ತಗ್ದುಬುಡಿ, ಅಷ್ಟೇಯ."

ಗಂಗಾಧರಸ್ವಾಮಿಯವರು ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತ ಹೋದರು. ಇನ್‌ಸ್ಟಾಲ್ ಆಯಿತು ಎಂದಿತು ಕಂಪ್ಯೂಟರ್. ಎಲ್ಲಿ ಆಯಿತು? ಹುಡುಕಿ ಹುಡುಕಿ ಕೊನೆಗೆ ಕಂಟ್ರೋಲ್ ಪ್ಯಾನೆಲಿನಲ್ಲಿ ಸಿಕ್ಕಿತು. ಬುಟ್ಟಿಯ ಮುಂದಿನ ಟಿಕ್ ತೆಗೆದರು, ಬುಟ್ಟಿ ಮಾಯ. ಅಲ್ಲಿಗೆ ನಿಲ್ಲಿಸಬೇಕಿತ್ತು. ಪಕ್ಕದ ಪುಟದಲ್ಲಿ ಎ ಇಂದ ಝೆಡ್‌ವರೆಗೆ ಇಂಗ್ಲಿಷ್ ಅಕ್ಷರಗಳು, ಒಂದೊಂದಕ್ಕೂ ಟಿಕ್. ಕನ್ನಡ ಟೈಪು ಮಾಡುವ ಅಂಗಡಿಗೆ ಇವೆಲ್ಲ ಯಾಕೆ ಎಂದುಕೊಂಡು ಅಷ್ಟನ್ನೂ ತೆಗೆದು ಹಾಕಿ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು. ಆ ಅಕ್ಷರಗಳು ಕಂಪ್ಯೂಟರಿನ ಉಗ್ರಾಣಗಳ ಹೆಸರುಗಳು; ಕಡತಗಳೆಲ್ಲ ಇದ್ದ 'ಸಿ'ಯೂ ಬುಟ್ಟಿಯ ಹಿಂದೆಯೇ ಹೋಗಿತ್ತು.

ಅದೇ ಹೊತ್ತಿಗೆ ಹೆಡತಲೆ ಗ್ರಾಮದ ಅಣ್ಣತಮ್ಮಂದಿರು ಬಂದರು. ತಮ್ಮ ಚಿಕ್ಕಬಸಪ್ಪನ ಮಗಳು ಬಿಂದುಶ್ರೀಯ ಮದುವೆ. ಲಗ್ನಪತ್ರಿಕೆಯನ್ನು ಅಂದೇ ಮೈಸೂರಿನ ಪ್ರೆಸ್ಸಿಗೆ ಒಯ್ಯಬೇಕು. ಅದರಲ್ಲಿ ಯಾರ ಹೆಸರು ಮೊದಲು ಎಂದು ಅಣ್ಣ ಪುಟ್ಟಬಸವಯ್ಯನಿಗೂ ತಮ್ಮನಿಗೂ ಮಾತು ಬಿಟ್ಟುಹೋಗಿತ್ತು. ನೆಂಟರೆಲ್ಲ ಸೇರಿ, ಒಬ್ಬರ ಹೆಸರು ಮೇಲೆ, ಇನ್ನೊಬ್ಬರದು ದಪ್ಪಕ್ಷರದಲ್ಲಿ ಎಂದು ಒಪ್ಪಿಸಿದ್ದರು. ಹಾಗೆ ಟೈಪಾಗಿದ್ದ ಆ ರಾಜಿ ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ.

"ಸಾಮ್ಗಳೇ, ಪತ್ರಿಕೆ?"

ಗಂಗಾಧರಸ್ವಾಮಿಯವರು ಮೌಸನ್ನು ಅತ್ತ ಇತ್ತ ಓಡಿಸಿದರು. ಆ ಯುಟಿಲಿಟಿ ಎಲ್ಲಿ ಸಿಕ್ಕಿತ್ತೆಂಬುದೂ ಮರೆತುಹೋಗಿತ್ತು. ಈ ಮದುವೆ ನನ್ನಿಂದಲೇ ಕೆಟ್ಟಿತು ಎಂದುಕೊಂಡರು. "ಕಳ್ದೋಯ್ತು ಕಣ್ರಪ್ಪ. ಏನಾಯ್ತೂಂತ ನಂಗೂ ಗೊತ್ತಾಗ್ತಿಲ್ಲ," ಎಂದುಬಿಟ್ಟರು. ಎದ್ದು ಮೂಲೆಯ ಟೈಪ್‌ರೈಟರಿನ ಮುಸುಕು ತೆಗೆದರು. "ಯೋಳಿ, ಬಡೀತೀನಿ. ಮೇಲೆ ಯಾರದು, ದಪ್ಪಕ್ಷರ ಯಾರದು?"

ಅಣ್ಣ ತಮ್ಮನ ಮುಖ ನೋಡಿದ. ತಮ್ಮ ಅಣ್ಣನ ಮುಖ ನೋಡಿದ. ಅಷ್ಟು ಕಿತ್ತಾಡಿದ್ದರೂ ಇಬ್ಬರಿಗೂ ನೆನಪಿರಲಿಲ್ಲ.

"ದಪ್ಪಕ್ಷರ ನಿಂದಲ್ವಾ?" ಎಂದ ಅಣ್ಣ.

"ನಿಂದು ಅನ್ಕಂಡಿದ್ದೆ."

"ಇದ್ರಲ್ಲಿ ಎಲ್ಲಾ ಒಂದೇ ಅಳ್ತೆ," ಎಂದರು ಗಂಗಾಧರಸ್ವಾಮಿಯವರು ತಪ್ಪಿತಸ್ಥರಂತೆ.

ಪುಟ್ಟಬಸವಯ್ಯ ಬೆಂಚಿನ ಮೇಲೆ ಕುಸಿದು ಕೂತ. "ಎತ್ತ ಅಪ್ಪ ನೀನು ಕಣ್ಲಾ. ನಿಂದೇ ಮೊದ್ಲು ಆಕ್ಸು."

"ಅವ್ಳ್ನ ಎಗಲ್ ಮೇಲೆ ಒತ್ತು ತಿರುಗ್ದೋನು ನೀನಲ್ವಾ," ಎಂದ ಚಿಕ್ಕಬಸಪ್ಪ. "ಸಾಮ್ಗಳೇ, ಅಣ್ಣಂದೇ ಬಡೀರಿ."

ಗಂಗಾಧರಸ್ವಾಮಿಯವರು ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಬಡಿದರು. ಹಾಳೆ ಹಿಡಿದು ಇಬ್ಬರೂ ಒಟ್ಟಿಗೆ ಬಸ್ಸಿಗೆ ನಡೆದರು.

ಟೀ ಕುಡಿದ ಮೇಲೆ ಕಂಟ್ರೋಲ್ ಪ್ಯಾನೆಲಿನ ನೆನಪಾಯಿತು. ಕೈಗೆ ಸಿಕ್ಕ ಖಾಲಿ ಚೌಕಕ್ಕೆಲ್ಲ ಟಿಕ್ ಹಾಕಿದರು. 'ಸಿ' ಬಂತು, ದಪ್ಪಕ್ಷರದ ಪತ್ರಿಕೆ ಬಂತು. ಬುಟ್ಟಿಯೂ ಬಂದು ಅದೇ ನೆತ್ತಿಯ ಮೇಲೆ ಕೂತಿತು.

ಗಂಗಾಧರಸ್ವಾಮಿಯವರು ಆ ಹಳೆಯ ಪತ್ರಿಕೆಯನ್ನು ಹಿಡಿದೆಳೆದು ಬುಟ್ಟಿಗೆ ಹಾಕಿದರು.

"ವಿಸಾನೇ ಕುಡ್ದೋನು ನೀನು," ಎಂದರು ಪರದೆಗೆ ಕೈಮುಗಿದು. "ಇದ್ನೂ ಇಟ್ಕೊ ನನ್ನಪ್ಪಾ."

ಬುಟ್ಟಿಯನ್ನು ಅವರು ಮತ್ತೆ ಅಲ್ಲಿಂದ ಕದಲಿಸಲಿಲ್ಲ.