ಅವಳಿಗೆ ವೇದಿಕೆ, ನನಗೆ ಗೋಡೆ

ನಾನೂ ಅವಳೂ ಒಬ್ಬರೇ ಗೈಡ್ ಹತ್ತಿರ ಪಿಎಚ್.ಡಿ. ಮಾಡುತ್ತಿದ್ದೆವು. ನಾನು ನಂಜನಗೂಡಿನಲ್ಲಿ ಕನ್ನಡ ಉಪನ್ಯಾಸಕಿ, ಅವಳು ತಿ. ನರಸೀಪುರದಲ್ಲಿ. ಹದಿನಾರು ಎಂಬ ಊರಿನ ಸುತ್ತಮುತ್ತ ನಾಟಿ ಹಾಕುವ ಹೆಂಗಸರ ಮಾತು ನನ್ನ ವಿಷಯ. ಸೋಮನಾಥಪುರದ ಕಡೆಯ ಹೊಲಗದ್ದೆಗಳ ಹೆಸರು ಅವಳದು. ವಯಸ್ಸಿನಲ್ಲೂ ಕೆಲಸದಲ್ಲೂ ನಾನೇ ಹಿರಿಯಳು. ಆದರೆ ಮೈಸೂರಿನ ವಿಚಾರ ಸಂಕಿರಣಕ್ಕೆ ಇಬ್ಬರೂ ಸಾರಾಂಶ ಕಳಿಸಿದಾಗ ಅವಳಿಗೆ ವೇದಿಕೆಯ ಮೇಲೆ ಮಾತಾಡುವ ಅವಕಾಶ ಸಿಕ್ಕಿತು, ನನಗೆ ನನ್ನ ಕೆಲಸವನ್ನು ಪೋಸ್ಟರ್ ಮಾಡಿ ಗೋಡೆಗೆ ಹಾಕುವುದಷ್ಟೇ.

"ನಿಮ್ದೇ ಚೆನ್ನಾಗಿತ್ತು ಕಣಕ್ಕಾ," ಎಂದಳು ಫೋನಿನಲ್ಲಿ. ಆ ಸಮಾಧಾನ ಕೇಳಿ ಹೊಟ್ಟೆ ಇನ್ನಷ್ಟು ಉರಿಯಿತು.

ಪೋಸ್ಟರ್ ಮಾಡಿಸಲು ಹುಟ್ಟುಹಬ್ಬದ ಬ್ಯಾನರ್ ಹಾಕಿಕೊಡುವ ಫ್ಲೆಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಕಂಪ್ಯೂಟರ್ ಪರದೆ ನೋಡಿ, "ನಿಮ್ ಫೋಟೋನೇ ಇಲ್ವಲ್ಲ ಮೇಡಂ? ಮ್ಯಾಲ್ಗಡೆ ದೊಡ್ಡದಾಗಿ ಆಕ್ಬುಡ್ಲಾ?" ಎಂದ.

"ಬೇಡಪ್ಪ, ಇದು ಓದೋಕಿರೋದು."

"ಇಷ್ಟೊಂದ್ನ ಯಾರ್ ಓದ್ತಾರೆ ಮೇಡಂ?"

ಅವನೇನೂ ಚುಚ್ಚಿ ಆಡಿದ್ದಲ್ಲ. ಆದರೂ ಅವಳ ಮಾತನ್ನಾದರೆ ಸಭೆಯೇ ಕೂತು ಕೇಳುತ್ತದಲ್ಲ ಎಂದು ಎದೆಯಲ್ಲಿ ಮುಳ್ಳಾಡಿಸಿದಂತಾಯಿತು. ಅಲ್ಲೇ ನಿಂತು ಅರ್ಧಕ್ಕರ್ಧ ಅಳಿಸಿಸಿದೆ.

ಭಾನುವಾರ ಅವಳು ತನ್ನ ಮಾತಿನ ಅಭ್ಯಾಸ ಕೇಳಲು ಮನೆಗೆ ಕರೆದಳು. ಪಡಸಾಲೆಯಲ್ಲಿ ಅವಳ ಅತ್ತೆ ಅವರೆಕಾಯಿ ಸುಲಿಯುತ್ತಾ, ಗಂಡ ಮೊಬೈಲಿನಲ್ಲಿ ಸಮಯ ನೋಡುತ್ತಾ ಕೂತಿದ್ದರು. ಕೊನೆಯಲ್ಲಿ ಅವಳು 'ಮುನಿಸಿನ ಗದ್ದೆ' ಎಂಬ ಹೆಸರಿನ ಕಥೆ ಹೇಳಿದಳು. ಅಣ್ಣತಮ್ಮಂದಿರು ಜಗಳವಾಡಿ ಪಾಳು ಬಿಟ್ಟ ಗದ್ದೆ ಅದು. ಈಗ ಮೊಮ್ಮಕ್ಕಳು ಸೇರಿ ಉಳುತ್ತಾರೆ, ಹೆಸರು ಮಾತ್ರ ಹಾಗೇ ಉಳಿದಿದೆ.

"ಅದ್ನ ಇನ್ನೊಂದ್ ಕಿತ ಯೋಳವ್ವಾ," ಎಂದರು ಅತ್ತೆ.

ನನ್ನ ಮನೆಯಲ್ಲಿ ನಾನೇನು ಓದುತ್ತಿದ್ದೇನೆಂದು ಕೇಳುವವರೇ ಇಲ್ಲ. ಅವಳ ಸ್ಲೈಡುಗಳಿಗಿಂತ ಆ ಅತ್ತೆಯನ್ನು ಕಂಡೇ ನನಗೆ ಹೆಚ್ಚು ಅಸೂಯೆಯಾಯಿತು.

"ಹೇಗಿತ್ತಕ್ಕಾ?" ಎಂದಳು.

ಶುರು ಸಪ್ಪೆಯಾಗಿತ್ತು. ಆ ಗದ್ದೆಯ ಕಥೆ ಮೊದಲಿಗೇ ಬಂದರೆ ಇಡೀ ಮಾತಿಗೆ ಜೀವ ಬರುತ್ತದೆಂದು ನನಗೆ ಸ್ಪಷ್ಟವಾಗಿ ಕಂಡಿತ್ತು. ಸುಮ್ಮನಿರಬೇಕು ಅನ್ನಿಸಿತು. ಕಾಫಿ ಕುಡಿದು ಮುಗಿಸಿದೆ. ಆದರೆ ಪಾಠ ಹೇಳುವವಳ ನಾಲಿಗೆ, ತಡೆಯಲಿಲ್ಲ. "ಗದ್ದೆಯಿಂದಲೇ ಶುರು ಮಾಡು," ಎಂದೆ.

ಸಂಕಿರಣದಲ್ಲಿ ಅವಳು ಹಾಗೇ ಮಾಡಿದಳು. ಸಭೆ ನಕ್ಕಿತು, ಆಮೇಲೆ ಗಪ್‌ಚುಪ್ಪಾಗಿ ಕೇಳಿತು. ಗೈಡ್ ಬಂದು, "ಆ ಆರಂಭ ಇದೆಯಲ್ಲ, ಅದೇ ಅದ್ಭುತ," ಎಂದರು.

"ಅದು ಅಕ್ಕ ಹೇಳ್ಕೊಟ್ಟಿದ್ದು ಸರ್."

"ಹೌದಾ," ಎಂದು ಅವರು ಟೀ ಕಡೆ ತಿರುಗಿದರು.

ನನ್ನ ಪೋಸ್ಟರ್ ಊಟದ ಹಾಲ್‌ಗೆ ಹೋಗುವ ದಾರಿಯಲ್ಲಿತ್ತು. ಎಲ್ಲರೂ ಅದನ್ನು ದಾಟಿಕೊಂಡು ಹೋದರು. ಕೊನೆಗೆ ವಯಸ್ಸಾದ ಪ್ರಾಧ್ಯಾಪಕಿಯೊಬ್ಬರು ನಿಂತು, ಕನ್ನಡಕ ಏರಿಸಿ ಪೂರ್ತಿ ಓದಿ, "ಇದರಲ್ಲಿ ಹೆಂಗಸರ ಬೈಗುಳ ಯಾಕಿಲ್ಲ?" ಎಂದರು. ಅಂಗಡಿಯಲ್ಲಿ ಅಳಿಸಿಸಿದ್ದೇ ಆ ಭಾಗ. ಆ ಬೈಗುಳಗಳನ್ನು ಬಾಯಿಮಾತಿನಲ್ಲೇ ಹೇಳಿದೆ. ಅವರು ಊಟ ಮರೆತು ನಕ್ಕರು. "ಮುಂದಿನ ಸಲ ಇದನ್ನ ಮೈಕಿನಲ್ಲಿ ಹೇಳಿ," ಎಂದರು.

ವಾಪಸು ಬರುವಾಗ ಬಸ್ ನಿಲ್ದಾಣದವರೆಗೂ ಅವಳು ನನ್ನ ಪೋಸ್ಟರ್ ಸುರುಳಿಯನ್ನು ತಾನೇ ಹಿಡಿದುಕೊಂಡಿದ್ದಳು. ಯಾರೋ ದಾರಿಯಲ್ಲಿ ನಿಲ್ಲಿಸಿ ಅವಳನ್ನು ಮತ್ತೆ ಹೊಗಳಿದರು. ನನ್ನ ಹೊಟ್ಟೆಯುರಿ ಆರಿರಲಿಲ್ಲ. ಆದರೆ ಅವರು ಮಾತಾಡುತ್ತಿದ್ದಷ್ಟು ಹೊತ್ತೂ ನಾನು ಮುಂದಿನ ಸಲ ಯಾವ ಬೈಗುಳದಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ.