ಹಗೇವಿನೊಳಗಿನ ಉಸಿರು

ಸತ್ತವರು ಬಂದು ಮಾತಾಡುತ್ತಾರೆ ಅಂದವರ ಮುಖದ ಮೇಲೆ ನಕ್ಕವಳು ನಾನು. ಮೈಯಾಗ ದೆವ್ವ ಹೊಕ್ಕೈತಿ ಅಂತ ಅತ್ತ ನಾದಿನಿಗೆ, "ಎರಡು ದಿನ ಹೊಲದಾಗ ಕಸಾ ತಗಿ, ತಾನ ಬಿಟ್ಟು ಹೋಗತೈತಿ" ಅಂದಿದ್ದೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಬರೆಯುವುದು ಒಗ್ಗಿದ ಕೆಲಸವಲ್ಲ. ಆದರೂ ಆದದ್ದನ್ನು ಆದಂಗೆ ಬರೆದೀನಿ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನನ್ನ ತವರು ಕಣಗಲಾ. ಕೊಟ್ಟದ್ದು ಮೇಲವಂಕಿಯ ಆಚೆಯ ಒಂದು ಸಣ್ಣ ಹಳ್ಳಿಗೆ. ನಾನು ಸೊಸೆಯಾಗಿ ಬರುವ ಮೊದಲೇ ಅಲ್ಲಿ ಒಂದು ಕೊಲೆ ಆಗಿತ್ತು. ಹುಸೇನಸಾಬ ಅಂತ, ಮನಿಮನಿಯ ಹಗೇವಿಗೆ ಇಳಿದು ಜ್ವಾಳ ತೆಗೆದು ಕೊಡುವವ. ತಲೆ ಒಡೆದ ಅವನ ಹೆಣ ಕಾಲುವೆಯಲ್ಲಿ ಸಿಕ್ಕಿತಂತೆ. ಪೊಲೀಸರು ಬಂದರು, ಹೋದರು. ಕೊಂದವರು ಸಿಗಲಿಲ್ಲ. ಊರಿನವರು ಅವನ ಹೆಸರು ತೆಗೆಯುವುದನ್ನೇ ಬಿಟ್ಟಿದ್ದರು.

ಹಗೇವು ಅಂದರೆ ನೆಲದೊಳಗಿನ ಜ್ವಾಳದ ಕುಣಿ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಮೊದಲು ಬಾಯಿ ತೆರೆದಿಟ್ಟು ಒಳಗಿನ ಕೆಟ್ಟ ಗಾಳಿ ಹೋಗಲು ಬಿಡಬೇಕು, ಕಂದೀಲು ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ಇನ್ನೊಂದು ರೂಢಿ ಐತಿ. ತೆರೆದ ಹಗೇವು ಕಂಡರೆ, ಅದು ಯಾರದ್ದೇ ಇರಲಿ, ಕಲ್ಲು ಸರಿಸಿ ಮುಚ್ಚಬೇಕು, ಕೂಸು ಕುನ್ನಿ ಬಿದ್ದಾವು ಅಂತ.

ಅವತ್ತು ಮಟಮಟ ಮಧ್ಯಾಹ್ನ. ಗಂಡ ಮೂಡಲಗಿಗೆ ಹೋಗಿದ್ದರು. ಅಂಗಳದ ಹಗೇವಿಗೆ ನಾನೇ ಹಗ್ಗ ಹಿಡಿದು ಇಳಿದೆ. ಬುಟ್ಟಿ ತುಂಬಿದೆ, ಅತ್ತಿ ಅದೇ ಹಗ್ಗದಿಂದ ಮೇಲೆಳೆದರು. "ಇದನ್ನ ಗಿರಣಿಗೆ ಹಾಕಿ ಬರ್ತೀನಿ, ಅಲ್ಲೇ ಇರು. ಇಲ್ಲಾಂದ್ರ ಎಲ್ಲಿ ಓಡಿ ಹೋಗ್ತಿ!" ಅಂತ ನಗುತ್ತ ಹೋದರು.

ತುಸು ಹೊತ್ತಿಗೆ ಮೇಲೆ ಕಲ್ಲು ಸರಿದ ಸಪ್ಪಳ. ಬೆಳಕು ಹೋಯಿತು.

ಗಂಟಲು ಹರಿಯುವಂಗೆ ಒದರಿದೆ. ನನ್ನ ದನಿ ನನಗೇ ತಿರುಗಿ ಬಂತು. ಕೈ ಎಷ್ಟು ಚಾಚಿದರೂ ಕಲ್ಲು ಎಟುಕಲಿಲ್ಲ. ಬಾಜೂ ಇದ್ದ ಕಂದೀಲು ಮಿಣುಕಿ ಮಿಣುಕಿ ಆರಿತು. ತಲೆ ಭಾರವಾಯಿತು, ಕುಂತೆ. ಕುಂತರೆ ಹಾಯೆನಿಸಿತು.

ಆಗ ಕಿವಿಯ ಹತ್ತಿರ ಒಂದು ಉಸಿರು. ಗಂಡಸಿನದು, ಅದರೊಳಗೆ ಸಣ್ಣ ಸಿಳ್ಳೆ.

"ಕುಂದರಬ್ಯಾಡ ತಂಗಿ, ಏಳು. ತೆಲಿ ಒಡದ ಮ್ಯಾಲ ನಾ ಕುಂತೇ ಕೆಟ್ಟೆ. ಒದರಲೂ ಬ್ಯಾಡ. ಮ್ಯಾಲಿನವ್ರಿಗೆ ಕೇಳತೈತಿ. ಕೇಳಿದ್ರೂ ತಗಿಯಂಗಿಲ್ಲ."

ಎದ್ದೆ. ಕಾಲಿಟ್ಟಲ್ಲಿ ಕುಸಿಯುವ ಜ್ವಾಳ ಆಗ ಕುಸಿಯಲಿಲ್ಲ. ಯಾರದೋ ಹೆಗಲ ಮೇಲೆ ನಿಂತಂಗೆ ಗಟ್ಟಿ ಇತ್ತು. ಮೂಗು ಕಲ್ಲಿನ ಸಂದಿಗೆ ಹತ್ತಿತು. ಅಲ್ಲಿ ಎಳೆಯಷ್ಟು ಗಾಳಿ. ಅದನ್ನೇ ಎಳೆದುಕೊಳ್ಳುತ್ತ ನಿಂತೆ.

ಅತ್ತಿ ಬಂದು ಕಲ್ಲು ಸರಿಸಿ, "ಅಯ್ಯ ಶಿವನ, ಹುಡುಗಿ ಒಳಗ ಇದ್ದಾಗ ಯಾರ ಮುಚ್ಚಿದ್ರಿ!" ಅಂತ ಕೂಗಿ ರಟ್ಟೆ ಹಿಡಿದು ಎಳೆದರು. ಹೊರಗೆ ಬಂದು ಬಗ್ಗಿ ನೋಡಿದೆ. ಜ್ವಾಳ ಆಳದಲ್ಲಿ ಸಪಾಟು ಬಿದ್ದಿತ್ತು. ಅದರ ಮೇಲೆ ನಿಂತು ಆ ಬಾಯಿಗೆ ಎಟುಕಲು ಸಾಧ್ಯವೇ ಇರಲಿಲ್ಲ.

ಮುಚ್ಚಿದವರು ಮಾವ. ತೆರೆದದ್ದು ಕಂಡೆ, ರೂಢಿಯಂತೆ ಮುಚ್ಚಿದೆ ಅಂದರು. ಮುಚ್ಚಿ, ಅತ್ತಿ ಬರುವ ತನಕ ಅಲ್ಲೇ ಕಟ್ಟೆಯ ಮೇಲೆ ಕುಂತು ಹಗ್ಗ ಹೊಸೆಯುತ್ತಿದ್ದರು.

ಉಣ್ಣುವಾಗ ಎಲ್ಲ ಹೇಳಿದೆ. ಅತ್ತಿ ಕೈಯಲ್ಲಿನ ತುತ್ತು ಕೆಳಗಿಟ್ಟರು. "ಸಿಳ್ಳಿ ಉಸರು ಹುಸೇನಸಾಬಂದು. ನೀ ಅವನ್ನ ನೋಡೇ ಇಲ್ಲಲ್ಲ!"

ನನಗೆ ಸುತ್ತುಬಳಸಿ ಕೇಳಲು ಬರುವುದಿಲ್ಲ. "ಮಾವಾರ, ಅವ ನಮ್ಮ ಹಗೇದಾಗ ಸತ್ತಾನೇನ್ರಿ?" ಅಂದೆ.

"ಕೆಟ್ಟ ಗಾಳಿ ತೆಲಿಗೇರೇತಿ ಈಕಿಗೆ. ರೊಟ್ಟಿ ನೀಡ್ರಿ," ಅಂದರು. ಮರುದಿನ ಜ್ವಾಳ ತೆಗೆಸಿದರು. ಹಗೇವಿಗೆ ಮಣ್ಣು ತುಂಬಿ ಮುಚ್ಚಲು ಮಾತ್ರ ಆಳು ಕರೆಯಲಿಲ್ಲ, ತಾವೇ ಹೊತ್ತು ತುಂಬಿದರು.

ಹುಕ್ಕೇರಿಯ ಡಾಕ್ಟರೊಬ್ಬರು ಕೆಟ್ಟ ಗಾಳಿ ಕುಡಿದರೆ ಹಿಂಗೆಲ್ಲ ಕೇಳಿಸುತ್ತದೆ ಅಂದರು. ಇರಬಹುದು. ಆದರೆ ನಾನು ಕಾಣದವನ ಉಸಿರು ಆ ಗಾಳಿಗೆ ಹ್ಯಾಂಗ ಗೊತ್ತು?

ಮಾವ ಇದ್ದಷ್ಟು ವರ್ಷ ನಾನೇ ರೊಟ್ಟಿ ಬಡಿದು ಹಾಕಿದೆ. ಬಿಟ್ಟು ಹೋಗಲು ನನಗೆ ಇನ್ನೊಂದು ಮನಿ ಇರಲಿಲ್ಲ. ಅವರು ಹಾಸಿಗೆ ಹಿಡಿದಾಗ ಒಮ್ಮೆ ಕೇಳಿದೆ, "ಅವತ್ತ ನಾ ಒದರಿದ್ದು ನಿಮಗ ಕೇಳಿತ್ತೇನ್ರಿ?"

ಗೋಡೆಯ ಕಡೆ ಹೊರಳಿ ಮಲಗಿದರು.