ಕೈ ಕೊನೆಗೆ, ಕಿವಿ ಮೊದಲು: ಸಿ ತುಹಾಮಿ ಉಮ್ಲಿಲ್ ಅವರ ದುರಸ್ತಿಯ ದಾರಿ

ಯಂತ್ರ ಕೆಟ್ಟರೆ ಅದನ್ನು ಬಿಚ್ಚಿ ಹರವಿಡುವವರು ನಮ್ಮ ಸಫ್ರೂ ಪಟ್ಟಣದಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅದು ಏಕೆ ಕೆಟ್ಟಿತೆಂಬುದನ್ನು ಬಿಚ್ಚುವ ಮೊದಲೇ ಕೇಳಿ ತಿಳಿಯುವವರು ಮಾತ್ರ, ನಾನು ಕಂಡಂತೆ, ಒಬ್ಬರೇ. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮೂವತ್ತೆಂಟು ವರ್ಷಗಳ ಸೇವೆ ಮುಗಿಸಿ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ನಾವೆಲ್ಲ ಗೌರವದಿಂದ 'ಸಿ' ಸೇರಿಸಿ ಕರೆಯುವ ಮಾನ್ಯ ತುಹಾಮಿ ಉಮ್ಲಿಲ್ ಅವರೇ ಆ ಒಬ್ಬರು. ದೇಶದ ಹಿರಿಯ ಪಂಡಿತರ ಹೆಸರುಗಳ ನಡುವೆ ಒಬ್ಬ ಯಂತ್ರ ನಿರ್ವಾಹಕರ ಹೆಸರಿನಲ್ಲಿ ಅಭಿನಂದನ ಸಂಪುಟ ಹೊರಡುವುದು ಅಪರೂಪವೆಂದು ಕೆಲವರು ಹುಬ್ಬೇರಿಸಿದ್ದುಂಟು. ಅಂಥವರ ಲ್ಯಾಪ್‌ಟಾಪ್ ಮುಂದೊಂದು ದಿನ ಪರೀಕ್ಷೆಯ ಹೊತ್ತಿಗೇ ಕೈಕೊಡಲಿ, ಆಗ ಮಾತಾಡೋಣ.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಅವರು ಸೇವೆಗೆ ಸೇರಿದಾಗ ಕಾಲೇಜಿನಲ್ಲಿದ್ದುದು ಹನ್ನೊಂದು ಬೆರಳಚ್ಚು ಯಂತ್ರಗಳು, ಅವುಗಳಲ್ಲಿ ನಡೆಯುತ್ತಿದ್ದುದು ಆರು. ಒಂದು ವರ್ಷದೊಳಗೆ ಹನ್ನೊಂದೂ ನಡೆದವು. ಆಮೇಲೆ ಕಂಪ್ಯೂಟರುಗಳು ಪೆಟ್ಟಿಗೆಯಲ್ಲಿ ಬಂದಿಳಿದಾಗ, ಆಗಿನ ನಿರ್ದೇಶಕರು ಅವು ಮುಟ್ಟಿದರೆ ಹಾಳಾದಾವೆಂದು ಬೀಗ ಹಾಕಿಟ್ಟರು. ಸಿ ತುಹಾಮಿಯವರು ಪ್ರತಿ ಸೋಮವಾರ ಹೋಗಿ ಬೀಗದ ಕೈ ಕೇಳಿದರು; ಪ್ರತಿ ಸೋಮವಾರ ಇಲ್ಲವೆನಿಸಿಕೊಂಡು ಬಂದರು. ಒಂದೂವರೆ ವರ್ಷದ ಮೇಲೆ ನಿರ್ದೇಶಕರಿಗೇ ಬೇಸರ ಬಂದು ಬೀಗದ ಕೈಯನ್ನು ಮೇಜಿನ ಮೇಲೆ ಎಸೆದರಂತೆ. ಮುಂದೆ ತಂತಿಯಿಲ್ಲದ ಇಂಟರ್ನೆಟ್ ಬಂದ ವರ್ಷ, ನಮ್ಮ ಹಳೆಯ ಕಟ್ಟಡದ ಮೊಳಗಾತ್ರದ ಗೋಡೆಗಳು ಅದನ್ನು ನುಂಗಿಹಾಕುತ್ತಿದ್ದಾಗ, ಓಣಿಯವರೆಲ್ಲ ರೊಟ್ಟಿ ಸುಡಿಸುವ ಒಲೆಗೆ ಹಲಗೆ ಒಯ್ಯುವವರಂತೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಮೂರು ವಾರ ಕೋಣೆಯಿಂದ ಕೋಣೆಗೆ ನಡೆದು, ಎಲ್ಲಿ ಸಂಪರ್ಕ ಸಾಯುತ್ತದೆ, ಎಲ್ಲಿ ಏಳುತ್ತದೆ ಎಂದು ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದವರೂ ಅವರೇ.

ಅವರ ಕೆಲಸದ ರೀತಿ ಮೊದಲ ನೋಟಕ್ಕೆ ಯಾರಿಗೂ ಹಿಡಿಸುವಂಥದಲ್ಲ. ಕೆಟ್ಟ ಯಂತ್ರದ ಮುಂದೆ ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾರೆ. ಕೊನೆಯ ಸಲ ಸರಿಯಿದ್ದದ್ದು ಯಾವಾಗ, ಆಮೇಲೆ ಏನು ಮಾಡಿದಿರಿ, ಬೇರೆ ಯಾರು ಮುಟ್ಟಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಮುಟ್ಟುವುದಿಲ್ಲ. ಸಿಕ್ಕ ಮೇಲೂ ಗುಂಡಿ ಒತ್ತುವುದು ಯಂತ್ರದ ಯಜಮಾನರೇ. ಸಿ ತುಹಾಮಿಯವರು ಬಾಯಲ್ಲಿ ಹೇಳಿಕೊಡುತ್ತಾರೆ, ಅಷ್ಟೇ. ಎರಡು ಸಾವಿರದ ಹದಿಮೂರರಲ್ಲಿ ನಾನು ಭೂಗೋಳ ಬೋಧನೆಯ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದಾಗ ಕಾಲೇಜಿನಲ್ಲಿ ಚಹಾದ ಲೋಟಕ್ಕೂ ಖಾಯಂ, ತಾತ್ಕಾಲಿಕ ಎಂಬ ಸಾಲುಗಳಿದ್ದವು. ಅವರ ಕೋಣೆಯಲ್ಲಿ ಮಾತ್ರ ಮೊದಲು ಬಂದವರ ಯಂತ್ರ ಮೊದಲು. ನನ್ನ ಹಳೇ ಲ್ಯಾಪ್‌ಟಾಪಿನ ಹಿಂದೆ ವಿಭಾಗದ ಮುಖ್ಯಸ್ಥರ ಹೊಸ ಲ್ಯಾಪ್‌ಟಾಪ್ ಎರಡು ದಿನ ಕಾದದ್ದನ್ನು ನಾನು ಕಣ್ಣಾರೆ ಕಂಡು, ಹೇಳಬಾರದು, ಖುಷಿಪಟ್ಟೆ.

ಇಷ್ಟು ಹೇಳಿ, ಈ ಲೇಖನವನ್ನು ಒಪ್ಪಿಕೊಂಡದ್ದು ಯಾವ ಒಂದು ಬೆಳಗಿಗಾಗಿಯೋ ಆ ಬೆಳಗಿಗೆ ಬರುತ್ತೇನೆ.

ಎರಡು ಸಾವಿರದ ಇಪ್ಪತ್ತೊಂದು, ರಂಜಾನಿನ ಎರಡನೆಯ ದಿನ. ಎಂಟು ವರ್ಷ ತಾತ್ಕಾಲಿಕಳಾಗಿದ್ದ ನನಗೆ ಖಾಯಂ ಹುದ್ದೆಯ ಸಂದರ್ಶನ ಅಂದು ಹನ್ನೊಂದು ಗಂಟೆಗೆ. ವಯೋಮಿತಿ ಮೀರಲು ನಾಲ್ಕೇ ತಿಂಗಳು ಉಳಿದಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ. ಸಾಂಕ್ರಾಮಿಕದ ಕಾಲವಾದ್ದರಿಂದ ರಾಜಧಾನಿ ರಬಾತಿನ ಆಯ್ಕೆ ಮಂಡಳಿ ಲ್ಯಾಪ್‌ಟಾಪಿನ ಮೂಲಕವೇ ಸಂದರ್ಶನ ನಡೆಸುತ್ತಿತ್ತು. ಒಂದು ವಾರ ಮೊದಲೇ ಅವರು ಕಳಿಸಿದ ತಂತ್ರಾಂಶವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಂದಾಯಿಸಿದ್ದೆ. ಅದು ಬೇರೆ ಯಂತ್ರದಲ್ಲಿ ತೆರೆಯುವಂತಿರಲಿಲ್ಲ. ಗೊತ್ತುಮಾಡಿದ ಹೊತ್ತಿನಿಂದ ಹದಿನೈದು ನಿಮಿಷದೊಳಗೆ ಕಾಣಿಸಿಕೊಳ್ಳದವರನ್ನು ಗೈರುಹಾಜರೆಂದು ಬರೆಯುವುದು ನಿಯಮ. ಹತ್ತು ಗಂಟೆಗೆ ಕಾಲೇಜಿನ ಕೋಣೆಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದರೆ, ವೈಫೈ ಸೇರುತ್ತಿಲ್ಲ.

ಪಕ್ಕದ ಮೇಜಿನ ಗಣಿತದ ಉಪನ್ಯಾಸಕ ಇದ್ರೀಸ್ ಝರೂಕಿಯವರು ಬೆಳಗಿನಿಂದ ಕಾಫಿಯಿಲ್ಲದೆ ಮುಖ ಗಂಟಿಕ್ಕಿಕೊಂಡಿದ್ದರು.

"ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ. ಅದೂ ಉಪವಾಸ ಹಿಡಿದಿರಬೇಕು."

"ನಾಲ್ಕು ಸಲ ಮಾಡಿದೆ."

"ಹಾಗಾದ್ರೆ ಪೇಟೆಗೆ ಕೊಟ್ಟು ಬಾ. ಇಲ್ಲಿ ಆಗೋ ಕೆಲಸ ಅಲ್ಲ."

ನಾನು ಹೇಳಿಕಳಿಸಿದ್ದ ಸಿ ತುಹಾಮಿಯವರು ಅಷ್ಟರಲ್ಲಿ ಬಾಗಿಲಲ್ಲಿದ್ದರು. ದಿನಕ್ಕೆ ಒಂದು ಪ್ಯಾಕೆಟ್ ಸಿಗರೇಟು ಸುಡುವ ಮನುಷ್ಯ. ರಂಜಾನಿನಲ್ಲಿ ಹಗಲು ಅವರ ತುಟಿ ಸುಮ್ಮನೆ ಏನನ್ನೋ ಹುಡುಕುತ್ತಿರುತ್ತದೆ.

"ಸಿ ಝರೂಕಿ, ನಿಮ್ಮ ಲೆಕ್ಕ ತಪ್ಪಿದ್ರೆ ಹಾಳೆ ಬದಲಾಯಿಸ್ತೀರೋ, ಲೆಕ್ಕ ನೋಡ್ತೀರೋ?" ಎಂದು ಕೇಳಿ, ಹೆಂಗಸರ ಹೆಸರಿಗೆ ಹಚ್ಚುವ ಗೌರವದ 'ಲಲ್ಲಾ' ಹಚ್ಚಿ ನನ್ನ ಕಡೆ ತಿರುಗಿದರು. "ಲಲ್ಲಾ ವಿದಾದ್, ಕೊನೇ ಸಲ ಸರಿಯಾಗಿ ಸೇರಿದ್ದು ಯಾವಾಗ?"

"ಹೋದ ಗುರುವಾರ. ಇದೇ ಕುರ್ಚೀಲಿ ಕೂತು."

"ಆಮೇಲೆ ಏನ್ಮಾಡಿದ್ರಿ?"

"ಏನೂ ಮಾಡಿಲ್ಲ. ಮನೇಲಿ ಇಂಟರ್ನೆಟ್ಟೇ ಹಚ್ಚದೆ ಸಂದರ್ಶನಕ್ಕೆ ಓದ್ಕೊಂಡೆ, ಅಷ್ಟೇ."

"ಏನೂ ಮಾಡಿಲ್ಲ ಅಂತ ಹೇಳದೇ ಇರೋರನ್ನ ನಾನು ಮೂವತ್ತೈದು ವರ್ಷದಲ್ಲಿ ನೋಡಿಲ್ಲ," ಎಂದು ಅವರು ಕೈ ಹಿಂದೆ ಕಟ್ಟಿದರು.

ಮೊದಲು ತಮ್ಮ ಮೊಬೈಲನ್ನು ಕಾಲೇಜಿನ ವೈಫೈಗೆ ಸೇರಿಸಿ ನೋಡಿದರು, ಸೇರಿತು. ಹಾಗಾದರೆ ಗೋಡೆಯದೂ ತಪ್ಪಿಲ್ಲ, ಛಾವಣಿಯ ವೈಫೈ ಪೆಟ್ಟಿಗೆಯದೂ ತಪ್ಪಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಸುತ್ತಲಿನ ಸಂಪರ್ಕಗಳ ಹೆಸರು ಓದಿಸಿದರು. ಐದು ಹೆಸರುಗಳೂ ಕಂಡವು. ಹಾಗಾದರೆ ಅದರ ಕಿವಿ ಕೆಟ್ಟಿಲ್ಲ. ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳುತ್ತ ಹೊಡೆಯಲು ಹೇಳಿದರು, ಸೇರಲಿಲ್ಲ. ಹಳೆಯ ಗುರುತು ಪೂರ್ತಿ ಅಳಿಸಿ ಕಾಲೇಜಿನ ವೈಫೈಯನ್ನು ಹೊಸದಾಗಿ ಪರಿಚಯಿಸಲು ಹೇಳಿದರು, ಆಗಲೂ ಇಲ್ಲ. ತಂತಿ ಚುಚ್ಚೋಣವೆಂದರೆ ನನ್ನ ತೆಳ್ಳನೆಯ ಲ್ಯಾಪ್‌ಟಾಪಿಗೆ ಅದರ ತೂತೇ ಇರಲಿಲ್ಲ. ಹತ್ತೂ ಮೂವತ್ತೈದಾಗಿತ್ತು.

ನನಗೆ ತಾಳ್ಮೆ ತಪ್ಪಿತು. "ಇನ್ನು ಇಪ್ಪತ್ತೈದು ನಿಮಿಷ ಇದೆ! ನೀವು ಕೈ ಕಟ್ಕೊಂಡು ಪಾಠ ಮಾಡ್ತಿದ್ದೀರಲ್ಲ! ಎಂಟು ವರ್ಷ, ಸಿ ತುಹಾಮಿ, ಎಂಟು ವರ್ಷ!"

"ಗೊತ್ತು," ಎಂದರು ಅವರು, ದನಿ ಏರಿಸದೆ. "ಇಪ್ಪತ್ತೈದು ನಿಮಿಷ ಇದೆ. ಈಗ ನನ್ನ ಮೊಬೈಲಿಂದ ಇಂಟರ್ನೆಟ್ ತಗೊಳ್ಳಿ."

ತಗೊಂಡೆ. ಲ್ಯಾಪ್‌ಟಾಪ್ ಮರುಮಾತಿಲ್ಲದೆ ಮೊಬೈಲಿಗೆ ಸೇರಿಕೊಂಡಿತು! ಉಸಿರು ಬಂತೆಂದುಕೊಂಡು ಮಂಡಳಿಯ ಪುಟ ತೆರೆದರೆ, ಸುರಕ್ಷಿತವಲ್ಲವೆಂದು ಅದು ಬಾಗಿಲು ಹಾಕಿತು. ಬೇರೆ ಪುಟ ತೆರೆದೆ, ಅದೇ ಉತ್ತರ. ನನಗೆ ಅಳು ಬಂತು. ಅವರ ಮುಖದಲ್ಲಿ ಮಾತ್ರ ಆ ಬೆಳಗಿನ ಮೊದಲ ನಗೆ ಕಂಡಿತು.

"ನನ್ನ ಮೊಬೈಲ್ ಪಾಸ್‌ವರ್ಡ್ ಕೇಳತ್ತೆ, ಒಳಗೆ ಬಿಡತ್ತೆ. ಕಾಲೇಜಿನ ವೈಫೈ ಹಾಗಲ್ಲ. ನಾನೇ ನಿಮ್ಮ ಕಾಲೇಜು ಅಂತ ಅದೂ ಒಂದು ಗುರುತಿನ ಪತ್ರ ತೋರಿಸಬೇಕು, ನಿಮ್ಮ ಲ್ಯಾಪ್‌ಟಾಪು ಅದನ್ನ ನೋಡಿ ಒಪ್ಪಬೇಕು. ಈ ಪುಟಗಳೂ ಅಷ್ಟೇ. ಪತ್ರ ತೋರಿಸೋ ಕಡೆಯೆಲ್ಲ ಇದು ಜಗಳ ತೆಗೀತಿದೆ. ನಿಮ್ಮನ್ನ ಯಾರೂ ಹೊರಗಿಟ್ಟಿಲ್ಲ, ಲಲ್ಲಾ ವಿದಾದ್. ನಿಮ್ಮ ಲ್ಯಾಪ್‌ಟಾಪೇ ಎಲ್ಲರನ್ನೂ ಹೊರಗಿಟ್ಟಿದೆ. ಶನಿವಾರ ಗಂಟೆ ತಿರುಗಿಸಿದ್ದು ಯಾರು?"

"ನಾನೇ. ಎಲ್ಲರೂ ತಿರುಗಿಸಿದ ಹಾಗೆ."

ರಂಜಾನ್ ಬಂತೆಂದರೆ ನಮ್ಮ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತದೆ. ತಿಂಗಳು ಮುಗಿದ ಮೇಲೆ ಮತ್ತೆ ಮುಂದಕ್ಕೆ. ಹಳೇ ಗಂಟೆಯೋ ಹೊಸ ಗಂಟೆಯೋ ಎಂದು ಕೇಳದೆ ನಮ್ಮಲ್ಲಿ ಯಾರೂ ಯಾರನ್ನೂ ಭೇಟಿಗೆ ಕರೆಯುವುದಿಲ್ಲ. ಶನಿವಾರ ರಾತ್ರಿ ನನ್ನ ತಾಯಿ ಮನೆಯ ಗಡಿಯಾರಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿಟ್ಟು ತಿರುಗಿಸಿದರು; ಲ್ಯಾಪ್‌ಟಾಪನ್ನು ನಾನು ತಿರುಗಿಸಿದೆ. ಅದು ತಾನೂ ಸ್ವಂತ ಬುದ್ಧಿಯಿಂದ ತಿರುಗಿಕೊಂಡಿತು. ಭಾನುವಾರ ನೋಡಿದರೆ ಎರಡು ಗಂಟೆ ಹಿಂದೆ! ಬೈದುಕೊಳ್ಳುತ್ತ, ಅವಸರದಲ್ಲಿ ಮತ್ತೆ ಕೈಯಿಂದಲೇ ಸರಿಮಾಡಿದ್ದೆ. ಇದನ್ನೆಲ್ಲ ಹೇಳಿದಾಗ ಸಿ ತುಹಾಮಿಯವರು ತಮ್ಮ ಕೈಗಡಿಯಾರ ನೋಡಿಕೊಂಡರು. ಒಂದು ಗಂಟೆ ಮುಂದಿರುವ ಹೊಸ ಗಂಟೆಯನ್ನು ಒಪ್ಪದ ಅವರ ಆ ಗಡಿಯಾರ ವರ್ಷದ ಹನ್ನೊಂದು ತಿಂಗಳು ತಪ್ಪು ಹೇಳಿ, ರಂಜಾನಿನಲ್ಲಷ್ಟೇ ಸರಿ ಹೇಳುತ್ತದೆ.

"ಹತ್ತೂ ನಲವತ್ತನಾಲ್ಕು," ಎಂದರು.

"ಇದರಲ್ಲೂ ಅಷ್ಟೇ. ಸರಿಯಾಗೇ ಇದೆ," ಎಂದೆ.

"ಗಂಟೆ ಸರಿ. ತಾರೀಖು ಓದಿ. ಪೂರ್ತಿ."

"ಹದಿನೈದು, ಏಪ್ರಿಲ್, ಎರಡು ಸಾವಿರದ ಇಪ್ಪತ್ತು," ಎಂದು ಓದಿದೆ. ಓದಿಯೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ಝರೂಕಿಯವರಿಗೆ, ಕುರ್ಚಿಯಿಂದ ಎದ್ದೇಬಿಟ್ಟರು.

"ಅಯ್ಯೋ ದೇವರೇ! ಹೋದ ವರ್ಷದಲ್ಲಿ ಕೂತಿದೀಯಲ್ಲಮ್ಮ!"

"ಕಾಲೇಜಿನ ಪತ್ರ ಹುಟ್ಟಿದ್ದು ಹೋದ ಸೆಪ್ಟೆಂಬರಲ್ಲಿ," ಎಂದರು ಸಿ ತುಹಾಮಿ. "ಇನ್ನೂ ಹುಟ್ಟದೋರು ಬಂದು ಬಾಗಿಲು ಬಡಿದ್ರೆ ಯಾರು ತೆಗೀತಾರೆ? ಭಾನುವಾರದ ಅವಸರದಲ್ಲಿ ಗಂಟೆ ಜೊತೆ ವರ್ಷಾನೂ ತಿರುಗಿಸಿಬಿಟ್ಟಿದ್ದೀರಿ, ಸರಿಮಾಡಿ. ನೀವೇ ಮಾಡಿ."

ಮಾಡಿದೆ. ವೈಫೈ ಸೇರಿತು, ಮಂಡಳಿಯ ತಂತ್ರಾಂಶ ತೆರೆಯಿತು. ಹತ್ತೂ ಐವತ್ತಕ್ಕೆ ನನ್ನ ಹೆಸರಿನ ಮುಂದೆ ಹಸಿರು ಚುಕ್ಕೆ ಕಂಡಿತು. ಎರಡು ಹುದ್ದೆಗೆ ಉಳಿದಿದ್ದವರು ಮೂವರು. ಮೂರನೆಯ ಹೆಸರಿನ ಮುಂದೆ 'ಸಂಪರ್ಕವಿಲ್ಲ' ಎಂದಿತ್ತು.

"ಇವರ್ಯಾರು?" ಎಂದರು ಸಿ ತುಹಾಮಿ, ತೆರೆಗೆ ಬಾಗಿ.

"ಮಿದೆಲ್ತ್ ಕಡೆಯವರಂತೆ. ಗೊತ್ತಿಲ್ಲ."

"ಅವರ ಹತ್ರ ಯಾರೂ ಇಲ್ವಾ?"

ನಾನು ಕ್ಯಾಮೆರಾ ಸರಿಮಾಡಿಕೊಳ್ಳತೊಡಗಿದೆ. ಒಬ್ಬರು ಕಡಿಮೆಯಾದರಲ್ಲ ಎಂಬ ಸಮಾಧಾನ ನನ್ನ ಮನಸ್ಸಿನಲ್ಲಿ ಬಂದುಹೋದದ್ದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಂದರ್ಶನ ಚೆನ್ನಾಗಿ ನಡೆಯಿತು. ಅದು ಮುಗಿಯುವವರೆಗೂ ಆ ಸಾಲು ಹಾಗೇ ಇತ್ತು.

ಈದ್ ಕಳೆದ ವಾರ ಆಯ್ಕೆ ಪಟ್ಟಿ ಬಂತು, ನನ್ನ ಹೆಸರಿತ್ತು. ತಾಯಿ ಕರಿದು ಜೇನಿನಲ್ಲಿ ಅದ್ದಿದ ಶಬಾಕಿಯಾ ತುಂಬಿದ ತಟ್ಟೆಯೊಂದಿಗೆ ಅವರ ಕೋಣೆಗೆ ಓಡಿದೆ. ಒಂದನ್ನು ತಿಂದು, ಬೆರಳು ಒರೆಸಿಕೊಂಡು, ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದಿಟ್ಟರು. ಅಷ್ಟರಲ್ಲಿ ಅವರು ನಾಲ್ಕು ಕಡೆ ಫೋನು ಮಾಡಿ ಮಿದೆಲ್ತಿನ ಆ ಅಭ್ಯರ್ಥಿಯನ್ನು ಪತ್ತೆಮಾಡಿದ್ದರು. ಸಂದರ್ಶನದ ಹಿಂದಿನ ದಿನದ ಬಿರುಗಾಳಿಗೆ ಆಕೆಯ ಊರಿನ ಮೊಬೈಲ್ ಗೋಪುರ ಬಿದ್ದು, ಅಂದು ಊರಿಗೆ ಊರೇ ಸಂಪರ್ಕ ಕಳೆದುಕೊಂಡಿತ್ತು. ಮಂಡಳಿ ಆಕೆಯನ್ನು ಗೈರುಹಾಜರೆಂದು ಬರೆದಿತ್ತು. ತೆರೆಯ ಮೇಲೆ 'ಸಂಪರ್ಕವಿಲ್ಲ' ಎಂದೇ ಇತ್ತೆಂಬುದಕ್ಕೆ ಸಾಕ್ಷಿ ಹೇಳಿ, ಮತ್ತೊಂದು ಅವಕಾಶ ಕೋರುವ ಮನವಿ ಅದು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿತ್ತು.

"ನನ್ನ ನೇಮಕದ ಪತ್ರಕ್ಕೇ ಇನ್ನೂ ಸಹಿ ಬಿದ್ದಿಲ್ಲ, ಸಿ ತುಹಾಮಿ. ಇದಕ್ಕೆ ಸಹಿ ಹಾಕಿದ್ರೆ ಮಂಡಳಿಯವರ ಕಣ್ಣು ಕೆಂಪಾಗತ್ತೆ. ನನ್ನದೂ ಹೋದೀತು."

"ಹೋದೀತು," ಎಂದರು. ಇಲ್ಲವೆಂದು ಸುಳ್ಳು ಹೇಳಲಿಲ್ಲ. "ಆವತ್ತು ನಿನ್ನ ಹತ್ರ ನಾನು ಕೂತಿದ್ದೆ, ತಂಗಿ. ಅವಳ ಹತ್ರ ಯಾರು ಕೂತಿದ್ರು?"

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ನಾನು ತಟ್ಟೆ ಬಿಟ್ಟು ಎದ್ದುಬಂದೆ. ಮರುದಿನ ಬೆಳಿಗ್ಗೆ ಅವರು ಆ ಕಾಗದದೊಂದಿಗೆ ನನ್ನ ಬಾಗಿಲಿಗೆ ಬಂದರು, ಕೇಳಿದರು, ಹೋದರು. ಅದರ ಮರುದಿನವೂ ಬಂದರು. ಬೈಯಲಿಲ್ಲ, ಬೋಧಿಸಲಿಲ್ಲ. ನಾಲ್ಕನೆಯ ದಿನ ಸಹಿ ಹಾಕಿದೆ. ನನ್ನ ನೇಮಕ ಎರಡು ತಿಂಗಳು ತಡವಾಯಿತು. ಏಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜುಲೈಯಲ್ಲಿ ಮಂಡಳಿ ಆಕೆಯನ್ನು ಮತ್ತೆ ಕರೆಯಿತು, ಮರುವರ್ಷದ ಹುದ್ದೆಗೆ ಆಕೆ ಆಯ್ಕೆಯಾದರು. ಅವರೇ ನಮ್ಮ ಸಹೋದ್ಯೋಗಿ, ಈ ಸಂಪುಟದ ಸಂಪಾದಕಿ, ಡಾ. ಸುಂದುಸ್ ಐತ್ ಬಹಾ.

ಸಿ ತುಹಾಮಿ ಉಮ್ಲಿಲ್ ಅವರಿಗೆ ದೇವರು ನೂರು ರಂಜಾನುಗಳ ಆಯುಸ್ಸನ್ನು, ಸಂಜೆಯ ಸಿಗರೇಟನ್ನು ತಡೆಯುವಷ್ಟು ಗಟ್ಟಿ ಎದೆಯನ್ನು ಕೊಡಲಿ. ಪೇಟೆಯಲ್ಲಿ ಅವರು ತೆರೆಯಲಿರುವ ಚಿಕ್ಕ ದುರಸ್ತಿ ಅಂಗಡಿಯಲ್ಲೂ ಮೊದಲು ಬಂದವರ ಯಂತ್ರವೇ ಮೊದಲು ಇರಲಿ. ಒಂದು ಮಾತು ಮಾತ್ರ ಉಳಿದಿದೆ. ನಾನು ಕೂಡಲೇ ಸಹಿ ಹಾಕಿದೆನೆಂದು ಸಿ ತುಹಾಮಿಯವರು ಸುಂದುಸ್ ಅವರಿಗೆ ಹೇಳಿದ್ದಾರೆ; ಆಕೆ ಅದನ್ನು ನಂಬಿ ಮೂರು ವರ್ಷದಿಂದ ನನಗೆ ಕೃತಜ್ಞತೆ ಹೇಳುತ್ತಿದ್ದಾರೆ. ಆ ನಾಲ್ಕು ದಿನಗಳ ವಿಷಯ ಅವರಿಗೆ ತಿಳಿಯುವುದು ಈ ಕರಡು ತಿದ್ದಲು ಕೂತಾಗಲೇ. ಸುಂದುಸ್, ದಯವಿಟ್ಟು ಅದನ್ನು ಹೊಡೆದುಹಾಕಬೇಡಿ.